ತೋಟಾ ಒಳಹೊಕ್ಕರೆ ಸಾಕೆ?

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಅಡಕೆ, ತೆಂಗು ಬೆಳೆಯುವ ಕೆಲವು ಮನೆಗಳಲ್ಲಿ ಪರವಾನಗಿ ಪಡೆದ ಕೋವಿ ಉಂಟು. ತೋಟಾ ಕೋವಿಯ ಒಳಹೊಕ್ಕರೆ ಅದು ಆ ಕೋವಿಗೆ ತಕ್ಕದ್ದೇ ಎಂದು ನಂಬುವವರು ಎಲ್ಲೆಡೆಯೂ ಇದ್ದಾರೆ. ಈ ನಂಬಿಕೆಯನ್ನು ಪರೀಕ್ಷಿಸದೆ ಬಿಡುವುದು ಅಪಾಯಕರವೆಂದು ನನ್ನ ಅಭಿಪ್ರಾಯ.

ಮೊದಲು ರಿವಾಲ್ವರನ್ನು ನೋಡೋಣ. 1935ರಲ್ಲಿ ಅಮೆರಿಕದಲ್ಲಿ '.357 ಮ್ಯಾಗ್ನಮ್' ಎಂಬ ತೋಟಾ ಬಂದಿತು. ಇದು ಹಳೆಯ '.38 ಸ್ಪೆಷಲ್' ತೋಟಾದ ಸಂತತಿ. ಹೆಸರು ಬೇರೆಯಾದರೂ ಗುಂಡಿನ ವ್ಯಾಸ ಒಂದೇ. ಹಳೆಯದರ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡು, ಹೊಸದರದು 35,000. ಆದುದರಿಂದ ಗಿಡ್ಡ ತೋಟಾವನ್ನು ಬಲವಾದ ರಿವಾಲ್ವರು ನಿರಾಯಾಸವಾಗಿ ತಾಳಿಕೊಳ್ಳುತ್ತದೆ. ಬುಡದ ಬಳೆಯಂಥ ಅಂಚು ತೋಟಾವನ್ನು ಸ್ವಸ್ಥಾನದಲ್ಲಿ ಹಿಡಿದಿರುತ್ತದೆ. ಮುಂದೆ ಕೂಡುವ ಮಸಿಯನ್ನು ಮಾತ್ರ ಶುಚಿಗೊಳಿಸಬೇಕು. ಹೊಸ ತೋಟಾ ಹಳೆಯ, ದುರ್ಬಲ ರಿವಾಲ್ವರಿನೊಳಗೆ ಹೋಗದಿರಲೆಂದೇ ಅದನ್ನು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ ಮಾಡಿದರು. ಇಲ್ಲಿ ಉದ್ದವೇ ಕಾವಲುಗಾರ.

ಸ್ವಯಂಚಾಲಿತ ಪಿಸ್ತೂಲಿನ ನ್ಯಾಯ ಬೇರೆ. 1983ರ 10 ಮಿಲಿಮೀಟರಿನ ತೋಟಾವನ್ನು ಗಿಡ್ಡಮಾಡಿ 1990ರಲ್ಲಿ '.40' ತೋಟಾವನ್ನು ತಂದರು. ಇವುಗಳ ಬುಡದಲ್ಲಿ ಹೊರಚಾಚಿದ ಅಂಚಿಲ್ಲ. ತೋಟಾದ ಬಾಯಿ ಗೂಡಿನ ಮುಂದಿನ ಮೆಟ್ಟಿಲಿಗೆ ಒರಗಿ ನಿಲ್ಲಬೇಕು. ಗಿಡ್ಡ ತೋಟಾ ಆ ಮೆಟ್ಟಿಲನ್ನು ಮುಟ್ಟುವುದೇ ಇಲ್ಲ. ಅದನ್ನು ಹೊರಗೆಳೆಯುವ ಪುಟ್ಟ ಕೊಕ್ಕೆಯೊಂದೇ ಆಗ ಅದಕ್ಕೆ ಆಸರೆ. "ಹಾರಿಸಿದೆವು, ಏನೂ ಆಗಲಿಲ್ಲ" ಎನ್ನುವವರುಂಟು. ಆದರೆ ಒಮ್ಮೆ ಪಾರಾದುದು ಸುರಕ್ಷತೆಗೆ ಪ್ರಮಾಣವಲ್ಲ.

ಇನ್ನು ನಮ್ಮ ಕಡೆಯ ಹನ್ನೆರಡು ಬೋರಿನ ಕೋವಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು 65 ಮಿಲಿಮೀಟರಿನ ಗೂಡಿನವು. 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಹೋಗುತ್ತದೆ! ಕಾರಣವೇನು? ಆ 70 ಎಂಬುದು ಹಾರಿದ ಮೇಲಿನ ಉದ್ದ. ಅದಕ್ಕೆ ಮುಂಚೆ ತೋಟಾದ ಬಾಯಿ ಮಡಿಚಿರುತ್ತದೆ. ಮದ್ದು ಉರಿದಾಗ ಮಡಿಕೆ ಬಿಚ್ಚಿ ನಳಿಗೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ; ಚರೆಗೆ ದಾರಿ ಇಕ್ಕಟ್ಟಾಗಿ ಒತ್ತಡವೇರುತ್ತದೆ. ಹಳೆಯ ನಳಿಗೆ ಅದನ್ನು ತಾಳದಿದ್ದರೆ ಬಲಿಯಾಗುವುದು ಹಿಡಿದವನ ಕೈ, ಕಣ್ಣು.

ರಿವಾಲ್ವರಿನಲ್ಲಿ ಉದ್ದ ನಮ್ಮನ್ನು ಎಚ್ಚರಿಸುತ್ತದೆ. ಕೋವಿಯಲ್ಲಿ ಅದೇ ಉದ್ದ ವಂಚಿಸುತ್ತದೆ. ಆದುದರಿಂದ ಕೈಗೆ ತೋರುವ ಹೊಂದಿಕೆಯನ್ನು ನಂಬಬಾರದು. ನಳಿಗೆಯ ಮೇಲೆ ಕೊರೆದ ಅಳತೆಗೂ ತೋಟಾದ ಪೆಟ್ಟಿಗೆಯ ಮೇಲಿನ ಅಳತೆಗೂ ತಾಳೆ ನೋಡಬೇಕು. ಗುರುತು ಅಳಿಸಿದ್ದರೆ ಬಲ್ಲ ಕೋವಿಗಾರನಿಂದ ಅಳೆಯಿಸದೆ ಹಾರಿಸಕೂಡದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದುದೆಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಕೋವಿಯಿರುವ ಮನೆಯ ವಿದ್ಯಾರ್ಥಿ ಅದನ್ನು ಮುಟ್ಟಬೇಕಾಗಿಲ್ಲ; ಈ ಎರಡು ಅಳತೆಗಳನ್ನು ನೋಡಿರುವಿರಾ ಎಂದು ಹಿರಿಯರನ್ನು ಕೇಳಿದರೆ ಸಾಕು, ಕಲಿತ ಭೌತವಿಜ್ಞಾನ ಸಾರ್ಥಕವಾದೀತು.