ಹುಲಿ ಟೋಪಿ ಯಾರ ತಲೆಗೆ?

ಹೋದ ಬೇಸಿಗೆಯಲ್ಲಿ ಸತ್ಯಮಂಗಲಕ್ಕೆ ಹೋದವನು ಮುನ್ನೂರು ರೂಪಾಯಿ ಕೊಟ್ಟು ಒಂದು ಟೋಪಿ ತಂದೆ. ಮುಂದೆ ಹುಲಿಮುಖದ ಕಸೂತಿ, ಪಕ್ಕಕ್ಕೆ ಒಂದು ಚೀಟಿ: ಇದರ ಹಣ ಕಾಡುಪ್ರಾಣಿಗಳ ರಕ್ಷಣೆಗೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ತಾಳವಾಡಿಗೆ ಬಂದು ಬಸ್ಸಿಳಿದರೆ ಪಕ್ಕದ ಹೊಲದವರು ಎದುರಾದರು. "ಏನ್ ಮೇಷ್ಟ್ರೇ, ಟೋಪಿ ಹಾಕಿಸ್ಕೊಂಡು ಬಂದ್ರಾ?" ಅಂದರು. ಇಬ್ಬರೂ ನಕ್ಕೆವು. ಆಮೇಲೆ ಅವರ ಬಾಳೆತೋಟ ನೋಡಿ ನನ್ನ ನಗು ನಿಂತಿತು. ಹಿಂದಿನ ರಾತ್ರಿ ಆನೆ ನುಗ್ಗಿ, ಗೊನೆ ಬಿಟ್ಟ ಗಿಡಗಳನ್ನೆಲ್ಲ ಮಲಗಿಸಿ ಹೋಗಿತ್ತು.

ಮುನ್ನೂರರಲ್ಲಿ ಕಾಡಿಗೆ ಎಷ್ಟು ಹೋಗುತ್ತದೆ ಎಂದು ಮಾರುವ ಹುಡುಗನನ್ನು ಕೇಳಿದ್ದೆ. "ಒಂದು ಪಾಲು ಸಾರ್" ಅಂದ. ಎಷ್ಟನೇ ಪಾಲು? ಅವನಿಗೆ ಗೊತ್ತಿಲ್ಲ. ಅವನದೇನೂ ತಪ್ಪಿಲ್ಲ, ಸಂಬಳಕ್ಕೆ ನಿಂತವನು. ಚೀಟಿ ಅಚ್ಚು ಹಾಕಿಸಿದವರಿಗೆ ಗೊತ್ತಿರಬೇಕಲ್ಲ? ಲೆಕ್ಕ ಹೇಳದೆ ದುಡ್ಡು ಎತ್ತುವುದಕ್ಕೆ ನಮ್ಮೂರಿನ ಮಾರಿಹಬ್ಬದಲ್ಲಿ ಸಹ ಬಿಡುವುದಿಲ್ಲ. ಯಾರು ಎಷ್ಟು ಕೊಟ್ಟರು, ಎಣ್ಣೆಗೆಷ್ಟು, ತಮಟೆಯವರಿಗೆಷ್ಟು, ಎಲ್ಲವನ್ನೂ ಗುಡಿ ಮುಂದೆ ಓದಿ ಹೇಳಬೇಕು.

ಟೋಪಿಗೂ ಪ್ರಾಣಿಗೂ ಹಳೆಯ ಋಣ ಒಂದಿದೆ, ಮೇಷ್ಟ್ರುಗಳು ಮಕ್ಕಳಿಗೆ ಹೇಳಬಹುದು. ನೂರಿಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡ್, ಅಮೆರಿಕದ ಶ್ರೀಮಂತ ಹೆಂಗಸರ ಟೋಪಿಗೆ ಬೆಳ್ಳಕ್ಕಿಯ ಗರಿ ಬೇಕಿತ್ತು. ಆ ನವಿರು ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ. ತಾಯಿಯನ್ನು ಗೂಡಿನ ಹತ್ತಿರವೇ ಹೊಡೆಯುತ್ತಿದ್ದರು, ಮರಿಗಳು ಹಸಿದು ಸಾಯುತ್ತಿದ್ದವು. ತೂಕಕ್ಕೆ ಚಿನ್ನಕ್ಕಿಂತ ಹೆಚ್ಚು ಬೆಲೆ ಆ ಗರಿಗೆ! ಅದನ್ನು ತಡೆದವರೂ ಹೆಂಗಸರೇ. 1889ರಲ್ಲಿ ಇಂಗ್ಲೆಂಡಿನ ಎಮಿಲಿ ವಿಲಿಯಮ್ಸನ್, 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್ವೇ ಮತ್ತು ಮಿನ್ನಾ ಹಾಲ್ ಗೆಳತಿಯರನ್ನು ಕೂಡಿಸಿ ಗರಿಟೋಪಿ ಬಿಡಿಸಿದರು. ನಮ್ಮ ದೇಶದಿಂದ ಗರಿ ರಫ್ತಾಗುವುದನ್ನು 1902ರಲ್ಲೇ ಸರ್ಕಾರ ನಿಲ್ಲಿಸಿತು. ಗಮನಿಸಿ, ಅವರು ಟೋಪಿ ಮಾರಿ ಹಕ್ಕಿ ಉಳಿಸಲಿಲ್ಲ, ಟೋಪಿ ಕೊಳ್ಳುವುದನ್ನು ಬಿಟ್ಟು ಉಳಿಸಿದರು.

"ಏನೂ ಇಲ್ಲದ್ದಕ್ಕಿಂತ ಹತ್ತು ರೂಪಾಯಿ ವಾಸಿಯಲ್ಲವಾ? ಪೇಟೆ ಮಗು ಹುಲಿಯನ್ನು ಪ್ರೀತಿಸಲು ಕಲಿಯುತ್ತದೆ" ಎಂದು ವಾಚನಾಲಯದಲ್ಲಿ ಒಬ್ಬ ಗೆಳೆಯರು ವಾದ ಹೂಡಿದರು. ಕಲಿಯಲಿ, ನನ್ನದೇನೂ ತಕರಾರಿಲ್ಲ. 2013ರಲ್ಲಿ ನಮ್ಮ ಕಾಡು ಹುಲಿ ಮೀಸಲಾಯಿತು. ಘಾಟಿಯಲ್ಲಿ ರಾತ್ರಿ ವಾಹನಕ್ಕೆ ತಡೆ ಬಂತು. ಹೊತ್ತು ಮುಳುಗಿದ ಮೇಲೆ ಆಸ್ಪತ್ರೆಗೆ ಓಡಬೇಕಾದಾಗ ಅದರ ಭಾರ ಏನೆಂದು ನಮಗೆ ಗೊತ್ತು. ಆದರೂ ಹುಲಿ ಬೇಡ, ಆನೆ ಬೇಡ ಎಂದು ನಾನು ಹೇಳುತ್ತಿಲ್ಲ. ಮಾಗಿಯ ಚಳಿಯಲ್ಲಿ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ತಗಡು ಬಡಿಯುವವನ ತಲೆಗೂ ಆ ಟೋಪಿಯಿಂದ ಏನಾದರೂ ಬರಬೇಕು, ಅಷ್ಟೇ.

ಅದು ಆಗದ ಕೆಲಸವೇನಲ್ಲ. ಮಂಗೋಲಿಯದಲ್ಲಿ ಹಿಮಚಿರತೆ ಇರುವ ಬೆಟ್ಟಗಳ ಕುರಿಗಾಹಿಗಳು ತಮ್ಮ ಉಣ್ಣೆಯಲ್ಲೇ ಸಾಮಾನು ಮಾಡಿ ಮಾರುತ್ತಾರೆ. ಚಿರತೆಯನ್ನಾಗಲಿ ಅದರ ಬೇಟೆಯನ್ನಾಗಲಿ ಕೊಲ್ಲುವುದಿಲ್ಲ ಎಂದು ಊರೇ ಕೂಡಿ ಒಪ್ಪಂದ ಬರೆದುಕೊಡುತ್ತದೆ. ಮಾತು ಉಳಿಸಿಕೊಂಡರೆ ವರ್ಷದ ಕೊನೆಗೆ ಮೇಲುಹಣ, ಒಬ್ಬ ತಪ್ಪಿದರೆ ಯಾರಿಗೂ ಇಲ್ಲ. ಅಷ್ಟು ದೂರ ಯಾಕೆ, ಇಲ್ಲೇ ಗೂಡಲೂರಿನ ಕಡೆ ಬೆಟ್ಟಕುರುಂಬರು, ಪಣಿಯರು ಕಾಡು ಹಾಳುಮಾಡುವ ಲಾಂಟಾನ ಕಡ್ಡಿಯಲ್ಲಿ ನಿಜದಾನೆಯ ಗಾತ್ರದ ಆನೆ ಕಟ್ಟಿದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಕಳೆ ಕಡಿಮೆಯಾಯಿತು, ಕಟ್ಟಿದವರಿಗೆ ಕೂಲಿ ಸಿಕ್ಕಿತು, ಮಾರಿದ ದುಡ್ಡು ಆನೆ-ಮನುಷ್ಯ ಕೂಡಿ ಬಾಳುವ ಕೆಲಸಕ್ಕೆ ಹೋಯಿತು.

ನಾನು ತಂದ ಟೋಪಿಯ ಒಳಗಡೆ ಇನ್ನೊಂದು ಚೀಟಿ ಇದೆ, ಸಣ್ಣದು. ಹೊಲಿದದ್ದು ಯಾವುದೋ ದೂರದ ಕಾರ್ಖಾನೆ. ನಮ್ಮೂರಿನಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಕೆಲಸವಿಲ್ಲದೆ ಕೂತ ಹೆಣ್ಣುಮಕ್ಕಳು ಎಷ್ಟು ಜನ! ಅವರಲ್ಲೊಬ್ಬರಿಗೆ ಮೊನ್ನೆ ಟೋಪಿ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಮುನ್ನೂರಾ? ಬಟ್ಟೆ ತಂದ್ಕೊಡಿ ಮೇಷ್ಟ್ರೇ, ಹುಲಿಗೆ ಮೀಸೆನೂ ಹಾಕ್ಕೊಡ್ತೀನಿ" ಅಂದರು.

ಟೋಪಿಯನ್ನು ವಾಚನಾಲಯದ ಮೊಳೆಗೆ ನೇತುಹಾಕಿದ್ದೇನೆ. ಸತ್ಯಮಂಗಲಕ್ಕೆ ಹೋಗುವವರು ತೆಗೆದುಕೊಂಡು ಹೋಗಿ ಆ ಒಂದು ಪಾಲಿನ ಲೆಕ್ಕ ಕೇಳಿ ಬನ್ನಿ. ಕೊಟ್ಟರೆ ಇಲ್ಲಿನ ಕರಿಹಲಗೆ ಮೇಲೆ ಬರೆಯೋಣ. ಬಾಳೆತೋಟದವರೂ ಓದಲಿ.