ವೀಸಾ ಸಿಕ್ಕಿತು, ವ್ಯಾಪಾರಕ್ಕೆ ಅನುಮತಿ ಸಿಕ್ಕಿತೆ?

ಹಾಸನ: ಜಿಲ್ಲೆಯ ಸರಕು ವಿದೇಶಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ. ಸಕಲೇಶಪುರದ ಕಾಫಿ ಮಂಗಳೂರು ಬಂದರಿನ ದಾರಿ ಹಿಡಿದು ಎಷ್ಟೋ ಕಾಲವಾಯಿತು. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಕೈ ಬದಲಾಯಿಸಿ ಹಡಗೇರುತ್ತದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗುವ ಹಾಸಿಗೆ ಹೊದಿಕೆಗಳು ಅಮೆರಿಕದ ಮನೆಗಳನ್ನು ಸೇರುತ್ತವೆ. ಆದರೆ ಇವುಗಳಲ್ಲಿ ಯಾವುದಕ್ಕೂ ಬೆಳೆದವನಾಗಲಿ ನೇಯ್ದವನಾಗಲಿ ಗಡಿ ದಾಟಬೇಕಾದ ಅಗತ್ಯವಿಲ್ಲ. ಸರಕು ಹೋಗುತ್ತದೆ, ಮನುಷ್ಯ ಊರಿನಲ್ಲೇ ಇರುತ್ತಾನೆ.

ಸರಕಿನ ಜೊತೆಗೆ ತಾವೂ ಹೊರಟು, ಪರದೇಶದ ಬೀದಿಗಳಲ್ಲಿ ನಿಂತು, ಕೈಯಾರೆ ಮಾರಿ ಬರುವವರು ಜಿಲ್ಲೆಯಲ್ಲಿ ಬೇರೆಯೇ ಇದ್ದಾರೆ. ಅವರು ಕಾಫಿ ತೋಟದ ಮಾಲೀಕರಲ್ಲ, ಎಂಜಿನಿಯರುಗಳೂ ಅಲ್ಲ. ಬೇಲೂರು ತಾಲ್ಲೂಕು ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಸಮುದಾಯದವರು. ವಿದೇಶದಲ್ಲಿ ಉದ್ಯಮ ನಡೆಸಲು ಯಾವ ವೀಸಾ ಸರಿ ಎಂಬ ಪ್ರಶ್ನೆ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರಗಳ ಪದವೀಧರ ಯುವಕರಿಗೆ ಭವಿಷ್ಯದ ಲೆಕ್ಕಾಚಾರವಾಗಿದ್ದರೆ, ಈ ಸಮುದಾಯಕ್ಕೆ ಅದು ಇಂದಿನ ಅನ್ನದ ಪ್ರಶ್ನೆ. ಹೀಗಿದ್ದೂ ವೀಸಾ ಕುರಿತ ಚರ್ಚೆಗಳಲ್ಲಿ ಇವರ ಹೆಸರು ಬರುವುದೇ ಇಲ್ಲ.

ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಇವರ ಕುಲಕಸುಬಾಗಿತ್ತು. ಮನೆಮಾತು ಗುಜರಾತಿಗೆ ಹತ್ತಿರವಾದ ವಾಗ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಅಪರಾಧವಾಗಿಸಿದ ಮೇಲೆ ಕಸುಬು ಕೈತಪ್ಪಿತು. ಪ್ಲಾಸ್ಟಿಕ್ ಹೂವು, ಮಣಿಸರ, ಗಿಡಮೂಲಿಕೆ, ಕೇಶತೈಲಗಳನ್ನು ಹೊತ್ತು ಜಾತ್ರೆಯಿಂದ ಜಾತ್ರೆಗೆ ಅಲೆದರು. ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಇವರ ಸಂಖ್ಯೆ 2011ರ ಜನಗಣತಿಯಂತೆ 11,892. ಇಷ್ಟು ಪುಟ್ಟ ಸಮುದಾಯ ಕಳೆದ ಎರಡು ದಶಕಗಳಲ್ಲಿ ಸಿಂಗಪುರ, ಥಾಯ್ಲೆಂಡ್‌ಗಳಿಂದ ಆಫ್ರಿಕಾ ಖಂಡದವರೆಗೆ ಮಾರುಕಟ್ಟೆ ಹುಡುಕಿಕೊಂಡಿದೆ. ವೈದ್ಯರು ದೂರವಿರುವ, ಔಷಧಿ ದುಬಾರಿಯಾಗಿರುವ ಊರುಗಳಲ್ಲಿ ಗಿಡಮೂಲಿಕೆ ಎಣ್ಣೆಗೆ ಗಿರಾಕಿಗಳು ಸಿಕ್ಕರು. ಯಾವ ಸರ್ಕಾರಿ ಇಲಾಖೆಯ ಮಾರ್ಗದರ್ಶನವೂ ಇಲ್ಲದೆ, ಹೆಚ್ಚಿನವರಿಗೆ ಹೈಸ್ಕೂಲು ದಾಟಿದ ಓದೂ ಇಲ್ಲದೆ ಇಷ್ಟು ಮಾಡಿರುವುದು ಸಾಮಾನ್ಯ ಸಾಧನೆಯಲ್ಲ. ಆದರೆ ಅವರ ಪಾಸ್‌ಪೋರ್ಟಿನಲ್ಲಿ ಒತ್ತಲಾಗುವ ಮುದ್ರೆ ಸಾಮಾನ್ಯವಾಗಿ ಪ್ರವಾಸಿಯದು. ಅಪಾಯವಿರುವುದು ಅಲ್ಲಿಯೇ.

ಸುಡಾನ್ ಕಲಿಸಿದ್ದು

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಆರಂಭವಾಯಿತು. ಮೂರು ದಿನಗಳ ನಂತರ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅವರು ರಾಜ್ಯದ 31 ಮಂದಿ ಹಕ್ಕಿಪಿಕ್ಕಿಗಳು ಅಲ್ಲಿ ಅನ್ನಾಹಾರವಿಲ್ಲದೆ ಸಿಲುಕಿದ್ದಾರೆಂದು ಟ್ವಿಟರ್‌ನಲ್ಲಿ ಬರೆದರು. ಇದರಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಕಟುವಾಗಿಯೇ ಉತ್ತರಿಸಿದರು. ವಿಧಾನಸಭೆ ಚುನಾವಣೆಯ ಮತದಾನಕ್ಕೆ ಮೂರೇ ವಾರ ಉಳಿದಿದ್ದ ಹೊತ್ತು ಅದು. ಸಿಲುಕಿದವರಲ್ಲಿ ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗ, ಚನ್ನಗಿರಿ ಕಡೆಯವರಿದ್ದರು. ಕೆಲವರು ಡಾರ್ಫರ್ ಪ್ರಾಂತ್ಯದ ಅಲ್ ಫಾಶಿರ್‌ನಲ್ಲಿದ್ದರು. ಅಲ್ಲಿಂದ ಭಾರತದ ನೌಕೆಗಳು ಕಾದಿದ್ದ ಪೋರ್ಟ್ ಸುಡಾನ್ ಬಂದರಿಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್.

ಏಪ್ರಿಲ್ 24ರಂದು ಆರಂಭವಾದ 'ಆಪರೇಷನ್ ಕಾವೇರಿ' ಮೇ 5ಕ್ಕೆ ಮುಗಿಯಿತು. ಒಟ್ಟು 3,862 ಜನರನ್ನು ಕರೆತರಲಾಯಿತು. ಮೇ 7ರಂದು ಶಿವಮೊಗ್ಗದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಮರಳಿ ಬಂದ ಹಕ್ಕಿಪಿಕ್ಕಿಗಳನ್ನು ಭೇಟಿಯಾದರು. ರಕ್ಷಣೆಯ ಶ್ರೇಯಸ್ಸು ಯಾರಿಗೆ ಎಂಬ ವಾದ ಚುನಾವಣೆಯವರೆಗೆ ನಡೆಯಿತು. ಈ ಜನ ಯಾವ ವೀಸಾದ ಮೇಲೆ ಹೋಗಿದ್ದರು, ಮುಂದೆ ಹೋಗುವುದಾದರೆ ಯಾವುದರ ಮೇಲೆ ಹೋಗಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಯುದ್ಧ ಎಲ್ಲ ವೀಸಾದವರ ಮೇಲೂ ಬೀಳುತ್ತದೆ, ನಿಜ. ಆದರೆ ಕಂಪನಿಯ ಉದ್ಯೋಗ ವೀಸಾದಲ್ಲಿ ಹೋದವನ ಹೆಸರು ಒಂದು ಕಡತದಲ್ಲಿರುತ್ತದೆ, ಅವನ ಬಗ್ಗೆ ಉತ್ತರ ಹೇಳಬೇಕಾದ ಮಾಲೀಕನೊಬ್ಬ ಇರುತ್ತಾನೆ. ಬಾಡಿಗೆ ಕೋಣೆಯಲ್ಲಿದ್ದು ಎಣ್ಣೆ ಮಾರುವ ಪ್ರವಾಸಿಯ ವಿಷಯದಲ್ಲಿ ಅದಾವುದೂ ಇಲ್ಲ.

'ಬಿಸಿನೆಸ್ ವೀಸಾ' ಎಂಬ ತಪ್ಪು ತಿಳಿವಳಿಕೆ

ಬಹುಪಾಲು ಗೊಂದಲ ಹುಟ್ಟುವುದು ಈ ಹೆಸರಿನಿಂದಲೇ. ಬಿಸಿನೆಸ್ ವೀಸಾ ಎಂದರೆ ಅಂಗಡಿ ತೆರೆಯಬಹುದು, ಸರಕು ಮಾರಬಹುದು ಎಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಏಜೆಂಟರೂ ಹಾಗೆಯೇ ಹೇಳುತ್ತಾರೆ. ವಾಸ್ತವ ಬೇರೆ. ಅಮೆರಿಕದ ಬಿ-1 ವೀಸಾ ಮಾತುಕತೆ, ಒಪ್ಪಂದ, ಸಮ್ಮೇಳನಗಳಿಗೆ ಸೀಮಿತವಾದುದು. ಅಲ್ಲಿ ಕುಳಿತು ದಿನನಿತ್ಯದ ವ್ಯಾಪಾರ ನಡೆಸಲು ಅದು ಸಲ್ಲದು. ಬ್ರಿಟನ್ನಿನ ಸಂದರ್ಶಕ ವೀಸಾ ನಿಯಮಗಳಂತೂ ಸಾರ್ವಜನಿಕರಿಗೆ ನೇರವಾಗಿ ಸರಕು ಮಾರುವುದನ್ನು ಹೆಸರಿಸಿಯೇ ನಿಷೇಧಿಸಿವೆ. ಖರೀದಿದಾರನನ್ನು ಕಂಡು ಮಾದರಿ ತೋರಿಸಿ ಬರಬಹುದು. ಸಂತೆಯಲ್ಲಿ ನಿಂತು ಬಾಟಲಿಗೆ ಇಷ್ಟು ಎಂದು ಮಾರುವಂತಿಲ್ಲ. ವೀಸಾ ಬಾಗಿಲು ದಾಟಿಸುತ್ತದೆ. ಒಳಗೆ ಹೋದ ಮೇಲೆ ಏನು ಮಾಡಬಹುದು ಎಂಬುದನ್ನು ತೀರ್ಮಾನಿಸುವುದು ಆ ದೇಶದ ವ್ಯಾಪಾರ ಪರವಾನಗಿ, ದುಡಿಮೆಯ ಪರವಾನಗಿ, ಔಷಧ ನಿಯಂತ್ರಣದ ಕಾನೂನುಗಳು.

ವೀಸಾ ಬೇಡ ಎನ್ನುವ ದೇಶಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಥಾಯ್ಲೆಂಡ್ 2023ರ ನವೆಂಬರಿನಿಂದಲೂ ಮಲೇಷ್ಯಾ ಅದೇ ವರ್ಷದ ಡಿಸೆಂಬರ್ 1ರಿಂದಲೂ ಭಾರತೀಯ ಪ್ರವಾಸಿಗಳಿಗೆ ವೀಸಾ ಇಲ್ಲದೆ ಪ್ರವೇಶ ನೀಡತೊಡಗಿದವು. ದಾರಿ ಸುಲಭವಾಯಿತೆಂದು ಸಂತೋಷಪಟ್ಟವರು ಗಮನಿಸಬೇಕಾದ ಸಂಗತಿಯೆಂದರೆ, ಥಾಯ್ಲೆಂಡಿನಲ್ಲಿ ಬೀದಿ ವ್ಯಾಪಾರ ವಿದೇಶಿಯರಿಗೆ ನಿಷಿದ್ಧವಾದ ಕಸುಬುಗಳ ಪಟ್ಟಿಯಲ್ಲಿ ದಶಕಗಳಿಂದ ಇದೆ. ಪರವಾನಗಿ ಇಲ್ಲದೆ ದುಡಿದು ಸಿಕ್ಕಿಬಿದ್ದರೆ 5 ಸಾವಿರದಿಂದ 50 ಸಾವಿರ ಬಾತ್ ದಂಡ, ಗಡೀಪಾರು.

ಹಾಗಾದರೆ ಉದ್ಯಮಿಗಳಿಗೆಂದೇ ಇರುವ ವೀಸಾ ಪಡೆಯಬಾರದೇಕೆ? ಸಿಂಗಪುರದ 'ಎಂಟ್ರೆಪಾಸ್' ನೋಡಿ. ಹೊಸ ಉದ್ಯಮ ಸ್ಥಾಪಿಸುವ ವಿದೇಶಿಯರಿಗೆಂದೇ ರೂಪಿಸಿದ ಪರವಾನಗಿ ಅದು; ಕಂಪನಿಯಲ್ಲಿ ಕನಿಷ್ಠ ಶೇ. 30ರಷ್ಟು ಪಾಲಿರಬೇಕು. ಆದರೆ ಯಾವ ಉದ್ಯಮಗಳಿಗೆ ಅದು ದೊರೆಯದು ಎಂಬ ಪಟ್ಟಿಯಲ್ಲಿ ಕಾಫಿ ಅಂಗಡಿ, ಬೀದಿ ತಿಂಡಿ ಮಳಿಗೆ, ಮಸಾಜ್ ಮನೆಗಳ ಜೊತೆಗೆ ಗಿಡಮೂಲಿಕೆ ವಿತರಣೆಯೂ ಇದೆ. ಅಂಗಡಿಹಳ್ಳಿಯವರನ್ನು ಕಣ್ಣಮುಂದಿಟ್ಟುಕೊಂಡು ಬರೆದಂತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಆಫ್ರಿಕಾದಲ್ಲಿ ತಡೆ ಹಣದ ರೂಪದಲ್ಲಿದೆ. ಕೆನ್ಯಾದಲ್ಲಿ ಸ್ವಂತ ವ್ಯಾಪಾರಕ್ಕೆ ಬೇಕಾಗುವ 'ಜಿ' ವರ್ಗದ ಪರವಾನಗಿಗೆ ಒಂದು ಲಕ್ಷ ಡಾಲರ್ ಬಂಡವಾಳ ತೋರಿಸಬೇಕು. ನಮ್ಮ ರೂಪಾಯಿಯಲ್ಲಿ ಅದು 85 ಲಕ್ಷವನ್ನೂ ಮೀರುತ್ತದೆ. ಸಾಲ ಮಾಡಿ ವಿಮಾನದ ಟಿಕೆಟ್ ಕೊಳ್ಳುವವರ ಮುಂದೆ ಈ ಮೊತ್ತ ಹೇಳುವುದೇ ಕ್ರೌರ್ಯ. ಘಾನಾ 2013ರಲ್ಲಿ ಮಾಡಿದ ಕಾಯ್ದೆ ಬೀದಿ ಮಾರಾಟ, ಸಂತೆ ಮಳಿಗೆಗಳನ್ನು ಸಂಪೂರ್ಣವಾಗಿ ತನ್ನ ಪ್ರಜೆಗಳಿಗೆ ಮೀಸಲಿಟ್ಟಿತು. ತಾಂಜಾನಿಯಾ 2025ರ ಜುಲೈನಲ್ಲಿ ಹೊರಡಿಸಿದ ಆದೇಶ 15 ಬಗೆಯ ಸಣ್ಣ ವ್ಯಾಪಾರಗಳಿಂದ ವಿದೇಶಿಯರನ್ನು ಹೊರಗಿಟ್ಟಿತು. ತಪ್ಪಿದರೆ ದಂಡ, ಆರು ತಿಂಗಳವರೆಗೆ ಸೆರೆವಾಸ, ವೀಸಾ ರದ್ದು. ಈ ದೇಶಗಳನ್ನು ದೂರಿ ಫಲವಿಲ್ಲ. ತಮ್ಮ ಬೀದಿಬದಿಯ ಬಡ ವ್ಯಾಪಾರಿಯನ್ನು ಕಾಪಾಡಿಕೊಳ್ಳುವ ಹಕ್ಕು ಅವಕ್ಕೂ ಇದೆ. ಚನ್ನರಾಯಪಟ್ಟಣದ ಸಂತೆಯಲ್ಲಿ ಪರದೇಶದವರು ಬಂದು ಚಾಪೆ ಹಾಸಿದರೆ ನಮ್ಮವರು ಸುಮ್ಮನಿರುತ್ತಾರೆಯೇ?

ಹೀಗೆ ಜಗತ್ತಿನ ವೀಸಾ ವ್ಯವಸ್ಥೆ ಗುರುತಿಸುವುದು ಮೂರು ಬಗೆಯ ಮನುಷ್ಯರನ್ನು: ನೋಡಲು ಬಂದವನು, ಮಾಲೀಕನೊಬ್ಬನ ಕೈಕೆಳಗೆ ದುಡಿಯಲು ಬಂದವನು, ದೊಡ್ಡ ಗಂಟು ತಂದವನು. ತಲೆಯ ಮೇಲೆ ಸರಕು ಹೊತ್ತು ಬಂದ ಸಣ್ಣ ವ್ಯಾಪಾರಿಗೆ ಅದರಲ್ಲಿ ಜಾಗವೇ ಇಲ್ಲ. ಆತ ತಪ್ಪು ವೀಸಾ ಆರಿಸಿಕೊಂಡ ಎನ್ನುವುದಕ್ಕಿಂತ ಆರಿಸಿಕೊಳ್ಳಲು ಸರಿಯಾದದ್ದು ಇರಲಿಲ್ಲ ಎನ್ನುವುದೇ ಸತ್ಯಕ್ಕೆ ಹತ್ತಿರ.

ನಮ್ಮ ಕಾನೂನೂ ಕಾಣದು

ಭಾರತದ ವಲಸೆ ವ್ಯವಸ್ಥೆಯೂ ಇದೇ ಅಚ್ಚಿನದು. 1983ರ ವಲಸೆ ಕಾಯ್ದೆ ರೂಪುಗೊಂಡಿದ್ದು ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗುವವರನ್ನು ನೆನೆದು. ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಷರತ್ತು ಬೀಳುತ್ತದೆ. ಸುಡಾನ್, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಇಂಥವರು ಉದ್ಯೋಗಕ್ಕೆ ಹೋಗಬೇಕಾದರೆ ಪೂರ್ವಾನುಮತಿ ಬೇಕು. ಅನುಮತಿಗೆ ಉದ್ಯೋಗದ ಕರಾರುಪತ್ರ ಬೇಕು. ಕರಾರುಪತ್ರಕ್ಕೆ ಮಾಲೀಕ ಬೇಕು. ಸ್ವಂತ ವ್ಯಾಪಾರಕ್ಕೆ ಹೊರಟವನಿಗೆ ಮಾಲೀಕನನ್ನು ಎಲ್ಲಿಂದ ತರುವುದು? ಪ್ರವಾಸಿಯೆಂದು ಹೇಳಿಕೊಂಡರೆ ತಪಾಸಣೆಯ ತೊಂದರೆಯೇ ಇಲ್ಲ. ಹಾಗಾಗಿ ಎಲ್ಲರೂ ಪ್ರವಾಸಿಗಳಾಗುತ್ತಾರೆ.

ಇದರಿಂದ ಆಗುವ ನಷ್ಟ ಕಾಗದದ ಮೇಲಿನದಷ್ಟೇ ಅಲ್ಲ. ಪೂರ್ವಾನುಮತಿ ಪಡೆದು ಹೋಗುವ ಕಾರ್ಮಿಕನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತದೆ. ಎರಡು ವರ್ಷದ ಕಂತು ಕೇವಲ 275 ರೂಪಾಯಿ. ಪ್ರವಾಸಿ ವೀಸಾದ ವ್ಯಾಪಾರಿ ಆ ಯೋಜನೆಯ ಹೊರಗೆ ಉಳಿಯುತ್ತಾನೆ. ವೀಸಾ ಅವಧಿ ಮೀರಿದರೆ ದಿನಕ್ಕಿಷ್ಟು ಎಂದು ದಂಡ ಬೆಳೆಯುತ್ತದೆ. ಸರಕು ಮಾರಿ ಬಂದ ಹಣ ದಂಡಕ್ಕೆ ಹೋದರೆ ಊರಿನ ಸಾಲ ಹಾಗೇ ಉಳಿಯುತ್ತದೆ. ಬಹುಪಾಲು ಕುಟುಂಬಗಳನ್ನು ಮುಳುಗಿಸುವುದು ಗುಂಡಿನ ಸದ್ದಲ್ಲ, ಈ ಬಡ್ಡಿ.

ಪದವೀಧರ ಯುವಕರ ಕಷ್ಟ ಬೇರೆ ಬಗೆಯದು, ಅದನ್ನಿಲ್ಲಿ ಚುಟುಕಾಗಿ ಹೇಳಿದರೆ ಸಾಕು. ಅಮೆರಿಕದ ಇ-2 ಹೂಡಿಕೆದಾರ ವೀಸಾ ಒಪ್ಪಂದವಿರುವ ದೇಶಗಳ ಪ್ರಜೆಗಳಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲಿಲ್ಲ. ಇ-2 ಮಾಡಿಸಿಕೊಡುತ್ತೇವೆಂದು ಭಾರತದ ಪಾಸ್‌ಪೋರ್ಟಿನವರಿಂದ ಮುಂಗಡ ಕೇಳುವ ಏಜೆಂಟರ ಬಾಗಿಲಿನಿಂದಲೇ ಹಿಂದಿರುಗುವುದು ಲೇಸು. ಬ್ರಿಟನ್ 2023ರ ಏಪ್ರಿಲ್‌ನಲ್ಲಿ ಜಾರಿಗೆ ತಂದ 'ಇನ್ನೊವೇಟರ್ ಫೌಂಡರ್' ವೀಸಾದಲ್ಲಿ 50 ಸಾವಿರ ಪೌಂಡುಗಳ ಕನಿಷ್ಠ ಬಂಡವಾಳದ ಷರತ್ತಿಲ್ಲ. ಆದರೆ ಮಾನ್ಯತೆ ಪಡೆದ ಸಂಸ್ಥೆಯೊಂದು ಯೋಜನೆಯನ್ನು ಅನುಮೋದಿಸಬೇಕು. ಅರಬ್ ಸಂಯುಕ್ತ ಸಂಸ್ಥಾನ 2021ರ ಜೂನ್‌ನಿಂದ ಸ್ಥಳೀಯ ಪಾಲುದಾರನಿಲ್ಲದೆಯೂ ಬಹುತೇಕ ಉದ್ಯಮಗಳ ಪೂರ್ಣ ಮಾಲೀಕತ್ವಕ್ಕೆ ಅವಕಾಶ ಕೊಟ್ಟಿದೆ. ನಮ್ಮ ಜಿಲ್ಲೆಯ ಮಧ್ಯಮ ಗಾತ್ರದ ವ್ಯಾಪಾರಿಗೆ ಎಟುಕುವ ದಾರಿಗಳಲ್ಲಿ ಇದು ಒಂದು.

ಹಕ್ಕಿಪಿಕ್ಕಿಗಳಿಗೆ ಎಟುಕುವ ದಾರಿ ಯಾವುದು? ಮನುಷ್ಯ ಮತ್ತು ಸರಕನ್ನು ಬೇರ್ಪಡಿಸುವುದೇ ಮೊದಲ ಹೆಜ್ಜೆ ಎನಿಸುತ್ತದೆ. ರಾಮನಾಥಪುರದ ಹೊಗೆಸೊಪ್ಪು ಬೆಳೆಗಾರ ವೀಸಾ ಕೇಳದೆ ವಿದೇಶಿ ಮಾರುಕಟ್ಟೆ ಮುಟ್ಟುವುದು ಅವನ ಹಿಂದೆ ತಂಬಾಕು ಮಂಡಳಿ ಇರುವುದರಿಂದ. ಎಣ್ಣೆ ತಯಾರಿಸುವವರ ಹಿಂದೆ ಯಾವ ಮಂಡಳಿಯೂ ಇಲ್ಲ. ರಫ್ತುದಾರರ ಸಂಕೇತ ಸಂಖ್ಯೆಗೆ ತಗಲುವ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಕಷ್ಟವಿರುವುದು ಅದಕ್ಕಿಂತ ಹಿಂದೆ, ತಯಾರಿಕಾ ಪರವಾನಗಿಯಲ್ಲಿ. ಕೇಶತೈಲವನ್ನು ಕಾನೂನುಬದ್ಧವಾಗಿ ತಯಾರಿಸಿ ಕಳುಹಿಸಲು ಪ್ರಸಾಧನ ಸಾಮಗ್ರಿ ಅಥವಾ ಆಯುರ್ವೇದ ಔಷಧಿಯ ಪರವಾನಗಿ ಬೇಕು. ಅದಕ್ಕೆ ನಿಗದಿತ ಕಟ್ಟಡ, ತಜ್ಞ ಸಿಬ್ಬಂದಿ, ಪರೀಕ್ಷೆಯ ವ್ಯವಸ್ಥೆ ಇರಬೇಕು. ಅಡಿಗೆಮನೆಯ ಒಲೆಯ ಮೇಲೆ ಕುದಿಸುವ ಕುಟುಂಬವೊಂದು ಒಂಟಿಯಾಗಿ ಇದನ್ನು ಪೂರೈಸಲಾರದು. ಹತ್ತು ಇಪ್ಪತ್ತು ಕುಟುಂಬಗಳು ಕೂಡಿದ ಸಹಕಾರ ಸಂಘ ಪೂರೈಸಬಹುದು. ಸಾಲ ನೀಡಲು ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮವಿದೆ, ಹಾಸನದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ, ರಫ್ತಿನ ತರಬೇತಿಗೆ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರವಿದೆ. ಈ ಮೂರನ್ನೂ ಅಂಗಡಿಹಳ್ಳಿಯಲ್ಲಿ ಒಂದೇ ದಿನ ಕೂರಿಸುವುದು ಜಿಲ್ಲಾಡಳಿತಕ್ಕೆ ಅಸಾಧ್ಯವಾದ ಕೆಲಸವೇನಲ್ಲ.

ಸಂಘವೊಂದು ನೋಂದಣಿಯಾದರೆ ವೀಸಾದ ಲೆಕ್ಕವೂ ಬದಲಾಗುತ್ತದೆ. ಅಲ್ಲಿನ ಆಮದುದಾರ ಸರಕು ತರಿಸಿ ತನ್ನ ಪರವಾನಗಿಯಲ್ಲಿ ಮಾರುತ್ತಾನೆ. ಸಂಘದ ಇಬ್ಬರು ಮಾದರಿ ಹಿಡಿದು, ಆಮಂತ್ರಣ ಪತ್ರದೊಂದಿಗೆ, ನಿಜವಾದ ಬಿಸಿನೆಸ್ ವೀಸಾದಲ್ಲಿ ಹೋಗಿ ಬರುತ್ತಾರೆ. ಲಾಭದಲ್ಲಿ ಆಮದುದಾರನ ಪಾಲು ಕಳೆಯುತ್ತದೆಂಬುದು ನಿಜ. ಎದುರು ನಿಂತು, ಕೂದಲಿಗೆ ಎಣ್ಣೆ ಹಚ್ಚಿ ತೋರಿಸಿ ಗಿರಾಕಿಯ ವಿಶ್ವಾಸ ಗಳಿಸುವುದೇ ಈ ವ್ಯಾಪಾರದ ಜೀವಾಳವಾದ್ದರಿಂದ, ಅದು ಬೇಡವೆನ್ನುವ ಹಿರಿಯರು ಸಮುದಾಯದಲ್ಲಿ ಇದ್ದರೆ ಅವರ ಮಾತಿನಲ್ಲೂ ಹುರುಳಿದೆ.

ಅಲ್ಲಿಯವರೆಗೂ ಹೊರಡುವವರು ಹೊರಡುತ್ತಲೇ ಇರುತ್ತಾರೆ. ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಅಲೆಯಬೇಕಿಲ್ಲ, ಹಾಸನದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ. ಆ ಕೌಂಟರಿನ ಪಕ್ಕದಲ್ಲಿ ಕನ್ನಡದ ಒಂದು ಫಲಕ ಹಾಕಿದರೂ ಉಪಕಾರವಾದೀತು: ಹೋಗುವ ದೇಶದಲ್ಲಿ ಬೀದಿ ಮಾರಾಟಕ್ಕೆ ವಿದೇಶಿಯರಿಗೆ ಅವಕಾಶವಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ, ತಲುಪಿದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ತೊಂದರೆಯಾದರೆ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಿ. ಸಂಕಷ್ಟದಲ್ಲಿರುವ ಭಾರತೀಯರಿಗೆ ನೆರವಾಗಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ. ಪ್ರವಾಸಿ ವೀಸಾದಲ್ಲಿ ಹೋದವರೂ ಅದರ ನೆರವು ಕೋರಬಹುದು.