ಕಾಡ್ಗಿಚ್ಚಿಗೆ ಆಕಾಶದಿಂದ ನೀರು: ಖರ್ಚು ಯಾವ ಖಾತೆಗೆ?

ಶಿವರಾತ್ರಿ ಸಮೀಪಿಸುತ್ತಿದ್ದಂತೆ ನಂದಿ ಗಿರಿಶ್ರೇಣಿಯ ಬೆಟ್ಟಗಳಲ್ಲಿ ಹೊಗೆ ಕಾಣಿಸಿಕೊಳ್ಳುವುದು ನಮ್ಮ ಜಿಲ್ಲೆಯ ಜನರಿಗೆ ಹೊಸತಲ್ಲ. ಕೆಳಗೆ ಒಣಗಿದ ಹುಲ್ಲು ಹಾಗೂ ಉದುರಿದ ನೀಲಗಿರಿ ಎಲೆ, ಮೇಲೆ ಬೀಸುಗಾಳಿ. ಇಷ್ಟಿರುವಾಗ ಒಂದು ಬೀಡಿಯ ತುಂಡು ಸಾಕು. ಬೆಂಕಿ ಬೆಟ್ಟದ ನೆತ್ತಿಗೇರಿದಾಗ, "ಸರ್ಕಾರ ಒಂದು ಹೆಲಿಕಾಪ್ಟರ್ ತರಿಸಬಾರದೇ?" ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ. ಆದರೆ ವರ್ತಕ ಬಾಂಧವರು ಯಾವ ಸರಕನ್ನು ಕೊಳ್ಳುವಾಗಲೂ ಮೂರು ಮಾತು ಕೇಳುತ್ತಾರೆ: ಏನು ಬರುತ್ತದೆ, ಎಷ್ಟಕ್ಕೆ ಬರುತ್ತದೆ, ಯಾವಾಗ ಬರುತ್ತದೆ. ಹೆಲಿಕಾಪ್ಟರಿನ ಬೇಡಿಕೆಯನ್ನೂ ಇದೇ ಮೂರು ಪ್ರಶ್ನೆಗಳಿಂದ ಅಳೆದು ನೋಡುವುದು ಉಚಿತವೆಂದು ನನ್ನ ಅಭಿಪ್ರಾಯ.

ಬಂಡೀಪುರದ ಅನುಭವ

ನಮ್ಮ ರಾಜ್ಯದಲ್ಲಿ ಇದರ ದೊಡ್ಡ ನಿದರ್ಶನ 2019ರ ಬಂಡೀಪುರದ ಬೆಂಕಿ. ಆ ವರ್ಷ ಫೆಬ್ರವರಿ ಮೂರನೆಯ ವಾರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ವಲಯಗಳಲ್ಲಿ ಹೊತ್ತಿಕೊಂಡ ಕಿಚ್ಚು, ಲಂಟಾನ ಪೊದೆಗಳನ್ನೂ ಒಣಹುಲ್ಲನ್ನೂ ಆಹುತಿ ತೆಗೆದುಕೊಳ್ಳುತ್ತ ದಿನಗಟ್ಟಲೆ ಹಬ್ಬಿತು. ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ ಹಾಗೂ ನೂರಾರು ಸ್ವಯಂಸೇವಕರು ಹಸಿರು ಸೊಪ್ಪಿನಿಂದ ಬಡಿದು ಆರಿಸಲು ಹೆಣಗಿದರು. ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಫೆಬ್ರವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದು 'ಬಾಂಬಿ ಬಕೆಟ್' ಎಂಬ ಭಾರೀ ಚೀಲಗಳಿಂದ ನೀರು ಸುರಿದವು. ಬೆಂಕಿ ಹತೋಟಿಗೆ ಬಂದಿತು. ಆದರೆ ಅಷ್ಟರಲ್ಲಿ ಸುಟ್ಟ ಪ್ರದೇಶ, ಉಪಗ್ರಹ ಚಿತ್ರಗಳ ಅಂದಾಜಿನಂತೆ, ಸುಮಾರು ಹತ್ತು ಸಾವಿರ ಎಕರೆ.

ಇಲ್ಲಿ ಗಮನಿಸಬೇಕಾದುದು ದಿನಾಂಕವನ್ನು. ಹೆಲಿಕಾಪ್ಟರ್ ಬಂದದ್ದು ಬೆಂಕಿ ಹಲವು ದಿನ ಉರಿದ ಮೇಲೆ. ಇದರಲ್ಲಿ ವಾಯುಪಡೆಯ ತಪ್ಪೇನೂ ಇಲ್ಲ. ಕರೆದ ಕೂಡಲೇ ಬಂದು ತನ್ನ ಕರ್ತವ್ಯವನ್ನು ಅದು ನೆರವೇರಿಸಿತು. ಕರೆಯುವ ನಿರ್ಧಾರವೇ ತಡವಾಗುವುದು ನಮ್ಮ ವ್ಯವಸ್ಥೆಯ ಗುಣ. ಬೆಂಕಿ ಹತ್ತು ಎಕರೆಯಲ್ಲಿರುವಾಗ ಸುರಿದ ನೀರಿಗಿರುವ ಬೆಲೆ, ಅದು ಸಾವಿರ ಎಕರೆಗೆ ಹಬ್ಬಿದಾಗ ಸುರಿದ ನೀರಿಗೆ ಇರುವುದಿಲ್ಲ. ಅವಧಿ ಮೀರಿದ ಹುಂಡಿಯಂತೆ ಅದರ ಬೆಲೆ ಗಂಟೆಗಂಟೆಗೂ ಇಳಿಯುತ್ತದೆ.

ಏನು ಬರುತ್ತದೆ?

ಎಂಐ-17 ಹೊರುವ ಬಕೆಟ್ಟಿನಲ್ಲಿ ಒಂದು ಬಾರಿಗೆ ಮೂರೂವರೆಯಿಂದ ಐದು ಸಾವಿರ ಲೀಟರ್ ನೀರು ಹಿಡಿಯುತ್ತದೆ. ಕೇಳಲು ದೊಡ್ಡ ಮೊತ್ತ. ಆದರೆ ಐದು ಸಾವಿರ ಲೀಟರನ್ನು ಒಂದು ಎಕರೆಯ ಮೇಲೆ ಸಮನಾಗಿ ಹರಡಿದರೆ ನಿಲ್ಲುವ ನೀರಿನ ಎತ್ತರ ಒಂದೂಕಾಲು ಮಿಲಿಮೀಟರಿಗಿಂತ ಹೆಚ್ಚಿಲ್ಲ. ನಮ್ಮ ರೈತರು ಅದನ್ನು ಮಳೆಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತುಂತುರು ಎನ್ನುತ್ತಾರೆ. ಆದುದರಿಂದ ವಿಮಾನವೇ ಕಾಡ್ಗಿಚ್ಚನ್ನು ಆರಿಸುತ್ತದೆಂಬ ನಂಬಿಕೆ ಸರಿಯಲ್ಲ. ಬೆಂಕಿಯ ಮುಂಚೂಣಿಯನ್ನು ತಣಿಸಿ, ಅದರ ವೇಗವನ್ನು ಕೆಲವು ನಿಮಿಷಗಳ ಮಟ್ಟಿಗೆ ತಗ್ಗಿಸುವುದಷ್ಟೇ ಅದರ ಕೆಲಸ. ಆ ನಿಮಿಷಗಳನ್ನು ಬಳಸಿಕೊಂಡು ನೆಲದ ಮೇಲಿನ ಮನುಷ್ಯನೇ ಬೆಂಕಿಯನ್ನು ಕತ್ತರಿಸಬೇಕು. ಕೆಳಗೆ ಆಳುಗಳಿಲ್ಲದೆ ಮೇಲಿನಿಂದ ಸುರಿದ ನೀರು ಆವಿಯಾಗಿ ಹೋಗುತ್ತದೆ. ಕಿಚ್ಚು ಮತ್ತೆ ಏಳುತ್ತದೆ.

ಕೆನಡಾ ದೇಶದ ಸಿಎಲ್-415 ವಿಮಾನ ಸರೋವರದ ಮೇಲೆ ಜಾರುತ್ತಲೇ ಸುಮಾರು ಹನ್ನೆರಡು ಸೆಕೆಂಡುಗಳಲ್ಲಿ ಆರು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಹೊಟ್ಟೆಗೆ ತುಂಬಿಕೊಳ್ಳಬಲ್ಲುದು. ಅದಕ್ಕೆ ಉದ್ದವೂ ಆಳವೂ ಉಳ್ಳ, ಅಡೆತಡೆಯಿಲ್ಲದ ಜಲರಾಶಿ ಬೇಕು. ಬೇಸಿಗೆಯಲ್ಲಿ ಬತ್ತುವ ನಮ್ಮ ಸೀಮೆಯ ಕೆರೆಗಳಿಗೆ ಅದು ಹೊಂದದು. ನಮಗೆ ಒಗ್ಗುವುದೇನಿದ್ದರೂ ಕೆರೆಯ ಮೇಲೆ ನಿಂತು ಬಕೆಟ್ ಮುಳುಗಿಸುವ ಹೆಲಿಕಾಪ್ಟರ್ ಮಾತ್ರ. 2016ರಲ್ಲಿ ಉತ್ತರಾಖಂಡದಲ್ಲಿಯೂ 2022ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿಯೂ ವಾಯುಪಡೆ ಇದೇ ಕ್ರಮವನ್ನು ಅನುಸರಿಸಿತ್ತು.

ಗಾಳಿಯ ಮಾತೂ ಇದೆ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತ ಸಾವಿರಾರು ಮನೆಗಳು ಸುಟ್ಟಾಗ, ಜಗತ್ತಿನಲ್ಲೇ ಅತ್ಯುತ್ತಮವಾದ ಅಗ್ನಿಶಾಮಕ ವಿಮಾನಗಳು ಬಿರುಗಾಳಿಯ ದೆಸೆಯಿಂದ ಮೊದಲ ರಾತ್ರಿ ನೆಲ ಬಿಟ್ಟೇಳಲಾಗಲಿಲ್ಲ. ಗಾಳಿ ಇಳಿದ ಬಳಿಕ, ಯಾರೋ ಹಾರಿಬಿಟ್ಟ ಡ್ರೋನ್ ತಗುಲಿ ಅಲ್ಲಿನ ಒಂದು ವಿಮಾನದ ರೆಕ್ಕೆಯೇ ತೂತಾಯಿತು. ಬೆಂಕಿ ಅತ್ಯಂತ ಭೀಕರವಾಗಿರುವ ಗಳಿಗೆಯಲ್ಲಿಯೇ ವಿಮಾನ ಕೈಕೊಡಬಹುದೆಂಬುದು ಇದರಿಂದ ಸ್ಪಷ್ಟ.

ಎಷ್ಟಕ್ಕೆ ಬರುತ್ತದೆ?

ವಾಯುಪಡೆಯ ನೆರವು ಪುಕ್ಕಟೆಯೆಂದು ಅನೇಕರು ಭಾವಿಸಿದ್ದಾರೆ. ಪ್ರವಾಹ ಹಾಗೂ ಭೂಕುಸಿತಗಳ ಕಾಲದಲ್ಲಿ ಒದಗಿಸಿದ ವಾಯುಸೇವೆಗಾಗಿ 132 ಕೋಟಿ ರೂಪಾಯಿಗೂ ಅಧಿಕ ಮೊತ್ತವನ್ನು ಪಾವತಿಸುವಂತೆ ಕೇಂದ್ರವು ಕೇರಳ ಸರ್ಕಾರವನ್ನು 2024ರಲ್ಲಿ ಕೇಳಿದುದು ಪತ್ರಿಕೆಗಳಲ್ಲಿ ಪ್ರಕಟವಾಗಿ ವಿವಾದಕ್ಕೂ ಎಡೆಮಾಡಿತು. ಆ ಬಿಲ್ಲಿನ ಔಚಿತ್ಯ ಬೇರೆಯೇ ಚರ್ಚೆ. ಹಾರಾಟದ ಪ್ರತಿ ಗಂಟೆಯೂ ಯಾವುದೋ ಖಾತೆಗೆ ಖರ್ಚು ಬೀಳುತ್ತದೆ, ಕೊನೆಗೆ ಅದನ್ನು ತೆರುವವನು ತೆರಿಗೆದಾರ ಎಂಬುದನ್ನಷ್ಟೇ ನಾವು ಮರೆಯಬಾರದು.

ಇದಕ್ಕಿಂತ ದೊಡ್ಡ ಪಾಠ ಅಮೆರಿಕದ ಅರಣ್ಯ ಇಲಾಖೆಯ ಲೆಕ್ಕಪತ್ರದಲ್ಲಿದೆ. 1995ರಲ್ಲಿ ಆ ಇಲಾಖೆಯ ಆಯವ್ಯಯದಲ್ಲಿ ಬೆಂಕಿಗೆಂದು ಹೋಗುತ್ತಿದ್ದುದು ಶೇಕಡಾ 16. 2015ರಲ್ಲಿ ಅದು ಅರ್ಧವನ್ನೂ ದಾಟಿತು. ಬೆಂಕಿ ಆರಿಸುವ ಖರ್ಚು ಬೆಳೆದಂತೆಲ್ಲ, ಬೆಂಕಿ ಬಾರದಂತೆ ನೋಡಿಕೊಳ್ಳುವ ಕೆಲಸಗಳಿಗೆ ಹಣ ಕಡಿಮೆಯಾಯಿತು. ಆ ಕೆಲಸಗಳು ಹಿಂದೆ ಬಿದ್ದಂತೆಲ್ಲ ಬೆಂಕಿ ಮತ್ತಷ್ಟು ಬೆಳೆಯಿತು. ಯಂತ್ರಕ್ಕೆ ಎಣ್ಣೆ ಹಾಕುವ ಖರ್ಚನ್ನು ಉಳಿಸಿ, ಆ ಹಣದಿಂದ ರಿಪೇರಿ ಬಿಲ್ಲು ಕಟ್ಟುವ ಕಾರ್ಖಾನೆಯ ಸ್ಥಿತಿಯೇ ಇದು. ಗೌರಿಬಿದನೂರು ಕೈಗಾರಿಕಾ ಪ್ರದೇಶದ ಯಾವ ಸಣ್ಣ ಉದ್ಯಮಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದೇಶದ ಸಂಸತ್ತು 2018ರಲ್ಲಿ ಕಾನೂನು ಮಾಡಿ, ದೊಡ್ಡ ಬೆಂಕಿಗಳ ಖರ್ಚಿಗೆ ಪ್ರತ್ಯೇಕ ನಿಧಿಯನ್ನು ಕಲ್ಪಿಸಬೇಕಾಯಿತು.

ನಮ್ಮಲ್ಲಿ ಬೆಂಕಿ ರೇಖೆ ಕಡಿಯುವ, ಬೇಸಿಗೆಗೆ ಬೆಂಕಿ ಕಾವಲುಗಾರರನ್ನು ನೇಮಿಸುವ ಕೆಲಸಕ್ಕೆ 2017-18ರಿಂದ ಕೇಂದ್ರ ಪುರಸ್ಕೃತ ಯೋಜನೆಯಿದೆ. ನಮ್ಮಂತಹ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರ ಪಾಲು. ಹೆಲಿಕಾಪ್ಟರಿನ ಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ಡಿಸೆಂಬರಿನಲ್ಲಿ ಹುಲ್ಲು ಕೊಯ್ದ ಕೂಲಿಯವನ ಚಿತ್ರ ಬರುವುದಿಲ್ಲ. ಆಯವ್ಯಯದಲ್ಲಿ ಹಣ ಮಾತ್ರ ಈ ಕೂಲಿಯವನಿಗೆ ಮೊದಲು ಸಲ್ಲಬೇಕು.

ಇದೇ ದಾರಿಯ ಇನ್ನೊಂದು ಪಾಠ

ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲಿಯೇ, ಯಲಹಂಕದಲ್ಲಿ, ಬಂಡೀಪುರ ಉರಿಯುತ್ತಿದ್ದ ಅದೇ ವಾರ ಇನ್ನೊಂದು ಬೆಂಕಿ ಬಿದ್ದಿತು. 2019ರ ಫೆಬ್ರವರಿ 23ರಂದು ಏರೋ ಇಂಡಿಯಾ ಪ್ರದರ್ಶನದ ವಾಹನ ನಿಲ್ದಾಣದಲ್ಲಿ ಒಣಹುಲ್ಲಿಗೆ ತಗುಲಿದ ಕಿಡಿಯಿಂದ ಸುಮಾರು 300 ಕಾರುಗಳು ಬೂದಿಯಾದವು. ದೇಶವಿದೇಶಗಳ ಅತ್ಯಾಧುನಿಕ ವಿಮಾನಗಳು ಪಕ್ಕದಲ್ಲಿಯೇ ಇದ್ದವು. ಅಲ್ಲಿ ವಿಮಾನಕ್ಕೆ ಕೊರತೆಯಿರಲಿಲ್ಲ. ಒಣಹುಲ್ಲು ತೆಗೆದ ನೆಲಕ್ಕೆ ಕೊರತೆಯಿತ್ತು. ಇದಕ್ಕಿಂತ ಮನದಟ್ಟಾಗುವ ಉದಾಹರಣೆಯನ್ನು ನಾನು ಕಾಣೆ.

ನಮ್ಮ ವ್ಯಾಪಾರಕ್ಕೆ ಇದೇಕೆ?

ಬೆಟ್ಟ ಸುಟ್ಟರೆ ಅಂಗಡಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳು ಹುಟ್ಟುವುದು ನಂದಿಯ ಸುತ್ತಣ ಬೆಟ್ಟಗಳಲ್ಲಿ. ಪಾಲಾರ್ ಚಿಂತಾಮಣಿ ತಾಲ್ಲೂಕಿನ ತಲಗವಾರದಲ್ಲಿ. ಸುಟ್ಟ ಇಳಿಜಾರು ಮೊದಲ ಮಳೆಗೆ ಮಣ್ಣನ್ನು ಬಿಟ್ಟುಕೊಡುತ್ತದೆ. ಆ ಮಣ್ಣು ಕೆರೆಯ ಹೂಳಾಗುತ್ತದೆ. ನೀರು ಇಂಗುವುದು ಕಡಿಮೆಯಾದರೆ ಕೊಳವೆಬಾವಿ ಬತ್ತುತ್ತದೆ. ಕೊಳವೆಬಾವಿ ಬತ್ತಿದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಕಳುಹಿಸುವ ರೈತನ ಹಿಪ್ಪುನೇರಳೆಯೂ, ನಂದಿ ತಪ್ಪಲಿನ ದ್ರಾಕ್ಷಿಯೂ, ಗುಲಾಬಿಯೂ, ಚಿಂತಾಮಣಿಯ ಟೊಮೆಟೊವೂ ಒಣಗುತ್ತವೆ. ಈ ನಾಲ್ಕು ಊರುಗಳ ಪೇಟೆಗಳು ನಿಂತಿರುವುದೇ ಈ ಬೆಳೆಗಳ ಮೇಲೆ. ಬೆಟ್ಟ ನಮ್ಮ ಆಸ್ತಿಪಟ್ಟಿಯಲ್ಲಿ ನಮೂದಾಗದ ಸ್ಥಿರಾಸ್ತಿ.

ಹಾಗಾದರೆ ಹೆಲಿಕಾಪ್ಟರ್ ಬೇಡವೇ?

ಬೇಕು. ಕಡಿದಾದ ಬಂಡೆಗಳ ನಡುವೆ ಮನುಷ್ಯರನ್ನು ಕಳುಹಿಸುವುದೇ ಅಪಾಯವಾದಲ್ಲಿ ಬೇಕೇ ಬೇಕು. 2017ರಲ್ಲಿ ಬಂಡೀಪುರದಲ್ಲಿಯೂ 2023ರಲ್ಲಿ ಸಕಲೇಶಪುರದ ಕಾಡಿನಲ್ಲಿಯೂ ಬೆಂಕಿಯೊಡನೆ ಹೋರಾಡುತ್ತ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಅಲ್ಲಿ ರಕ್ಷಣೆಗೆ ವಾಯುಪಡೆಯ ಹೆಲಿಕಾಪ್ಟರುಗಳನ್ನೇ ಕರೆಯಬೇಕಾಯಿತು. ಸ್ಕಂದಗಿರಿಗೆ ಚಾರಣಕ್ಕೆ ಬರುವ ಯುವಕರ ಸಂಖ್ಯೆಯನ್ನು ಬಲ್ಲವರು ಕುರಂಗಣಿಯನ್ನು ದೂರದ ಸುದ್ದಿಯೆಂದು ತಳ್ಳಿಹಾಕಲಾರರು. ಮನುಷ್ಯನ ಜೀವದ ಮುಂದೆ ಹಾರಾಟದ ಖರ್ಚು ಖರ್ಚಲ್ಲ.

ಆದುದರಿಂದ ನನ್ನ ವಾದ ಇಷ್ಟೇ: ಹೆಲಿಕಾಪ್ಟರನ್ನು ಕೊಳ್ಳಬೇಕೆಂದು ಕೇಳುವುದು ಬೇಡ, ಬೆಂಕಿ ಬಿದ್ದ ಮೇಲೆ ಕೂಗಿ ಕರೆಯುವುದೂ ಬೇಡ. ಅದನ್ನು ಕರೆಯುವ ಕ್ರಮವನ್ನು ಬೇಸಿಗೆಗೆ ಮುನ್ನವೇ ಲಿಖಿತವಾಗಿ ಗೊತ್ತುಪಡಿಸಿರಬೇಕು. ಅದಕ್ಕೂ ಮೊದಲು ನೆಲದ ಕೆಲಸ ಮುಗಿದಿರಬೇಕು. ಈ ಎರಡರಲ್ಲಿ ನೆಲದ ಕೆಲಸವಿಲ್ಲದ ಹೆಲಿಕಾಪ್ಟರ್ ಬರಿಯ ಆಡಂಬರ; ಹೆಲಿಕಾಪ್ಟರಿಲ್ಲದ ನೆಲದ ಕೆಲಸ ಬಹುಪಾಲು ಬೆಂಕಿಗಳಿಗೆ ಸಾಕು.

ಕೆಲವು ಸಲಹೆಗಳು

ನಮ್ಮ ವಾಣಿಜ್ಯೋದ್ಯಮ ಮಂಡಳಿಯು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸುವುದಾದಲ್ಲಿ ಈ ಅಂಶಗಳನ್ನು ಪರಿಶೀಲಿಸಬಹುದು.

ಒಂದು: ಬೆಂಕಿ ರೇಖೆಗಳ ಕೆಲಸ ಡಿಸೆಂಬರ್ ಅಂತ್ಯದೊಳಗೆ ಮುಗಿಯಬೇಕು, ಕಾವಲುಗಾರರ ಕೂಲಿ ತಿಂಗಳು ತಿಂಗಳಿಗೆ ತಪ್ಪದೆ ಸಲ್ಲಬೇಕು. ಮಾರ್ಚ್ 31ರೊಳಗೆ ಖರ್ಚು ತೋರಿಸುವ ಆತುರದಲ್ಲಿ ಬಿಡುಗಡೆಯಾಗುವ ಹಣದಿಂದ ಫೆಬ್ರವರಿಯ ಬೆಂಕಿ ನಿಲ್ಲುವುದಿಲ್ಲ.

ಎರಡು: ವಾಯುನೆರವನ್ನು ಯಾವ ಹಂತದಲ್ಲಿ ಕೋರಬೇಕು, ಜಿಲ್ಲೆಯಿಂದ ಯಾರು ಯಾರಿಗೆ ಬರೆಯಬೇಕು, ವೆಚ್ಚ ಯಾವ ಶೀರ್ಷಿಕೆಯಡಿ ಬೀಳಬೇಕು ಎಂಬುದು ಒಂದು ಪುಟದ ಆದೇಶದಲ್ಲಿ ಮೊದಲೇ ಇರಬೇಕು. ಜಿಲ್ಲಾಡಳಿತ ತಾನೇ ವಾಯುಪಡೆಯನ್ನು ಕರೆಸಲಾರದು. ಕೋರಿಕೆ ರಾಜ್ಯ ಸರ್ಕಾರದ ಮೂಲಕವೇ ಹೋಗಬೇಕು. ಕಡತ ಓಡಾಡುವ ಹೊತ್ತನ್ನು ಬೆಂಕಿ ಕಾಯುವುದಿಲ್ಲ.

ಮೂರು: ಬಕೆಟ್ ಮುಳುಗಿಸಲು ಯೋಗ್ಯವಾದ ಜಲಮೂಲಗಳ ಪಟ್ಟಿ ಸಿದ್ಧವಿರಬೇಕು. ಜಕ್ಕಲಮಡಗು ಜಲಾಶಯ, ವಾಟದಹೊಸಹಳ್ಳಿ ಕೆರೆ, ಶಿಡ್ಲಘಟ್ಟದ ರಾಮಸಮುದ್ರ ಕೆರೆ, ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿತ ನೀರು ಹರಿಯುವ ಕೆರೆಗಳು, ಇವುಗಳಲ್ಲಿ ಫೆಬ್ರವರಿಯಲ್ಲಿ ಎಷ್ಟು ಆಳ ನೀರಿರುತ್ತದೆ, ಸಮೀಪದಲ್ಲಿ ವಿದ್ಯುತ್ ತಂತಿಗಳಿವೆಯೇ ಎಂಬುದನ್ನು ಪ್ರತಿ ವರ್ಷ ಜನವರಿಯಲ್ಲಿ ಅಳೆದು ದಾಖಲಿಸಬೇಕು.

ನಾಲ್ಕು: ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದ ಮೂಲಕ ಕಂಡ ಬೆಂಕಿಯ ಸೂಚನೆಯನ್ನು ಮೊಬೈಲಿಗೆ ಕಳುಹಿಸುತ್ತದೆ. ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ನಾಲ್ಕೂ ತಾಲ್ಲೂಕುಗಳಿಂದ ಕೆಲವು ಸದಸ್ಯರು ನೋಂದಾಯಿಸಿ, ಟ್ಯಾಂಕರ್, ಟ್ರ್ಯಾಕ್ಟರ್, ಊಟ, ಕುಡಿಯುವ ನೀರು ಇವುಗಳನ್ನು ಒದಗಿಸುವ ಹೊಣೆ ಹೊತ್ತರೆ ಅರಣ್ಯ ಸಿಬ್ಬಂದಿಗೆ ದೊಡ್ಡ ಆಸರೆಯಾದೀತು. ಕಂಪನಿ ಕಾಯ್ದೆಯ 135ನೆಯ ಕಲಮಿನ ವ್ಯಾಪ್ತಿಗೆ ಬರುವ ದೊಡ್ಡ ಕಾರ್ಖಾನೆಗಳಿಗೆ ಪರಿಸರ ರಕ್ಷಣೆ ಹಾಗೂ ವಿಪತ್ತು ನಿರ್ವಹಣೆ ಎರಡೂ ಏಳನೆಯ ಅನುಸೂಚಿಯಲ್ಲಿಯೇ ಇರುವ ಬಾಬುಗಳು.

ಕೊನೆಯದಾಗಿ, ಬೆಟ್ಟದ ಬುಡದಲ್ಲಿ ಗೋದಾಮು ಅಥವಾ ಘಟಕ ಉಳ್ಳವರು ತಮ್ಮ ಅಗ್ನಿವಿಮೆಯ ಪಾಲಿಸಿಯನ್ನು ಒಮ್ಮೆ ತೆರೆದು ಓದಬೇಕೆಂದು ಕೋರುತ್ತೇನೆ. ಹಳೆಯ ಮಾದರಿಯ ಪಾಲಿಸಿಯಲ್ಲಿ ಪೊದೆಗಳ ಬೆಂಕಿಗೆ ರಕ್ಷಣೆಯಿದ್ದರೂ ಕಾಡಿನ ಬೆಂಕಿಗೆ ಇರಲಿಲ್ಲ. ಅದನ್ನು ಪ್ರತ್ಯೇಕ ಪ್ರೀಮಿಯಂ ತೆತ್ತು ಸೇರಿಸಿಕೊಳ್ಳಬೇಕಿತ್ತು. 2021ರ ಏಪ್ರಿಲ್ 1ರಿಂದ ಬಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಹಾಗೂ 'ಭಾರತ್ ಲಘು ಉದ್ಯಮ ಸುರಕ್ಷಾ' ಪಾಲಿಸಿಗಳಲ್ಲಿ ಕಾಡ್ಗಿಚ್ಚೂ ರಕ್ಷಣೆಯ ಪಟ್ಟಿಯಲ್ಲಿದೆ. ಮೊದಲನೆಯದು ಒಂದು ಸ್ಥಳದಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ, ಎರಡನೆಯದು ಅದಕ್ಕೆ ಮೇಲ್ಪಟ್ಟು ಐವತ್ತು ಕೋಟಿವರೆಗಿನ ಆಸ್ತಿಗೆ ಅನ್ವಯಿಸುತ್ತದೆ. ತಮ್ಮ ಕೈಯಲ್ಲಿರುವುದು ಯಾವುದೆಂದು ಸದಸ್ಯರು ಬೇಸಿಗೆಗೆ ಮುನ್ನವೇ ಖಚಿತಪಡಿಸಿಕೊಳ್ಳಲಿ.

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮ ಹಿರಿಯರದು. ಬೆಂಕಿ ಬಿದ್ದಾಗ ಹೆಲಿಕಾಪ್ಟರಿಗೆ ಅರ್ಜಿ ಬರೆಯುವುದೂ ಅದೇ ಜಾತಿಯ ಕೆಲಸ. ಅರ್ಜಿಯನ್ನು ಈಗಲೇ ಬರೆದಿಡೋಣ. ಹುಲ್ಲನ್ನು ಅದಕ್ಕೂ ಮೊದಲು ಕೊಯ್ಯಿಸೋಣ.